ಕ್ಯಾನ್ಸರ್‌ನ ಶಾಣ್ಯಾತನ

ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಕಳೆದ ವಾರ ಆಳಂದ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಕಾವಲು ಕಾಯೋ ಕೋಶ ಮೈತುಂಬ ಇರ್ತಾವ, ಅವುಗಳ ಕಣ್ಣು ತಪ್ಪಿಸೋ ಶಾಣ್ಯಾತನ ಕ್ಯಾನ್ಸರ್‌ಗೆ ಎಲ್ಲಿಂದ ಬರ್ತದ್ರಿ?” ಶಾಣ್ಯಾತನವೆಂಬುದು ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಹುತೇಕ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು, ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳಷ್ಟು ಉದ್ದದವನ್ನು, ಎಚ್‌ಎಲ್‌ಎ ಎಂಬ ಅಣುವಿನಲ್ಲಿಟ್ಟು ಹೊರಮೈಯಲ್ಲಿ ತೋರಿಸುತ್ತಿರುತ್ತವೆ. ಮ್ಯುಟೇಶನ್‌ನಿಂದ, ಅಂದರೆ ಜೀನ್‌ನಲ್ಲಾದ ಬದಲಾವಣೆಯಿಂದ, ಹುಟ್ಟಿದ ಅಪರಿಚಿತ ಚೂರು ಕಂಡರೆ ಕಾವಲು ಕಾಯುವ ಟಿ-ಕೋಶಗಳು ಆ ಕೋಶವನ್ನು ಕೊಲ್ಲುತ್ತವೆ. ಹೀಗೆ ಕ್ಯಾನ್ಸರನ್ನು ಹುಟ್ಟಿಸಿದ ಮ್ಯುಟೇಶನ್‌ಗಳೇ ಎಷ್ಟೋ ಸಲ ಅದನ್ನು ಹಿಡಿದುಕೊಡುತ್ತವೆ.

ಮುಂದಿನದನ್ನು ನಮ್ಮ ತೊಗರಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಕಾಯಿಕೊರಕಕ್ಕೆ ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆದರೆ ಹುಳು ಬುದ್ಧಿ ಕಲಿಯುವುದಿಲ್ಲ. ಅದನ್ನು ಮೊದಲೇ ತಾಳಿಕೊಳ್ಳಬಲ್ಲ ನಾಲ್ಕಾರು ಹುಳುಗಳು ಉಳಿದು, ಬರಬರುತ್ತ ಹೊಲವೆಲ್ಲ ಅವುಗಳ ಸಂತತಿಯೇ ಆಗುತ್ತದೆ. ಗಡ್ಡೆಯೊಳಗೂ ಗೊತ್ತುಗುರಿಯಿಲ್ಲದೆ ಹೊಸ ಮ್ಯುಟೇಶನ್‌ಗಳು ಆಗುತ್ತಲೇ ಇರುತ್ತವೆ. ಗುರುತು ತೋರಿಸಿದ ಕೋಶಗಳು ಸತ್ತಾಗ, ತೋರಿಸುವ ಏರ್ಪಾಡನ್ನೇ ಕಳೆದುಕೊಂಡದ್ದು ಉಳಿದು ಬೆಳೆಯುತ್ತದೆ. ಇದಕ್ಕೆ ನಾನು ತುಂಬ ಮೆಚ್ಚುವ ಪುರಾವೆ ರಾಬರ್ಟ್ ಶ್ರೈಬರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ. ರೋಗನಿರೋಧಕ ಶಕ್ತಿ ಕುಂದಿದ ಇಲಿಗಳಲ್ಲಿ ಹುಟ್ಟಿದ ಗಡ್ಡೆಗಳನ್ನು ಆರೋಗ್ಯವಂತ ಇಲಿಗಳಿಗೆ ಕಸಿ ಮಾಡಿದಾಗ ಅವುಗಳಲ್ಲಿ ಹಲವು ನಾಶವಾದವು. ಆರೋಗ್ಯವಂತ ಇಲಿಗಳಲ್ಲೇ ಹುಟ್ಟಿದ ಗಡ್ಡೆಗಳು ಮಾತ್ರ ಸರಾಗವಾಗಿ ಬೆಳೆದವು, ಏಕೆಂದರೆ ಕಾವಲಿನ ಹೊಡೆತಕ್ಕೆ ಸಿಕ್ಕಿ ಉಳಿದವೇ ಅಲ್ಲಿದ್ದವು.

ಯಾವ ಜೀನ್ ಕೆಟ್ಟರೆ ಗುರುತು ಅಳಿಯುತ್ತದೆ? ಎಚ್‌ಎಲ್‌ಎ ಅಣು ಹೊರಮೈಯಲ್ಲಿ ನೆಟ್ಟಗೆ ನಿಲ್ಲಲು ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಚಿಕ್ಕ ಪ್ರೋಟೀನಿನ ಆಸರೆ ಬೇಕು. ಅದರ ಜೀನ್‌ನ ಎರಡೂ ಪ್ರತಿಗಳು ಕೆಟ್ಟರೆ ಟಿ-ಕೋಶಗಳಿಗೆ ತೋರಿಸುವ ಆ ಇಡೀ ಫಲಕವೇ ಬಿದ್ದುಹೋಗುತ್ತದೆ. ಆದರೆ ಫಲಕವೇ ಇಲ್ಲದ ಕೋಶವನ್ನು ಅನುಮಾನಿಸಿ ಕೊಲ್ಲುವ ಎನ್‌ಕೆ ಕೋಶಗಳೂ ನಮ್ಮಲ್ಲಿವೆ. ಆದ್ದರಿಂದ ಅರ್ಧ ಕಳೆದುಕೊಳ್ಳುವುದೇ ಗಡ್ಡೆಗೆ ಹೆಚ್ಚು ಲಾಭವಾಗಬಹುದು: ತಂದೆಯಿಂದ ಬಂದ, ಇಲ್ಲವೇ ತಾಯಿಯಿಂದ ಬಂದ ಎಚ್‌ಎಲ್‌ಎ ಜೀನ್‌ಗಳಷ್ಟೇ ಅಳಿದು, ಇನ್ನೊಂದು ಕಡೆಯವು ಉಳಿಯುತ್ತವೆ. 2017ರ ಅಧ್ಯಯನವೊಂದು ಶ್ವಾಸಕೋಶದ ಒಂದು ಮುಖ್ಯ ಬಗೆಯ ಕ್ಯಾನ್ಸರ್‌ನ ಸುಮಾರು ಶೇ. 40ರಷ್ಟು ಪ್ರಕರಣಗಳಲ್ಲಿ ಇಂಥ ನಷ್ಟವನ್ನು ಕಂಡಿತು.

ಗುರುತು ಸಿಕ್ಕರೂ ಸಾಯದ ಕೋಶಗಳ ಕಥೆ ಬೇರೆ, ಅದು ನಮಗೆ ಹತ್ತಿರದ್ದೂ ಹೌದು. ಟಿ-ಕೋಶ ‘ಸಾಯಿ’ ಎಂದು ಕೊಡುವ ಒಂದು ಸೂಚನೆಯನ್ನು ಒಳಗೆ ಜಾರಿಗೊಳಿಸುವುದು ಕ್ಯಾಸ್ಪೇಸ್-8 ಎಂಬ ಪ್ರೋಟೀನು. ಕೆನ್ನೆಯ ಒಳಭಾಗ ಮತ್ತು ವಸಡಿನ ಕ್ಯಾನ್ಸರ್ ಕುರಿತು 2013ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲಿ ಪದೇಪದೇ ಕೆಟ್ಟಿದ್ದ ಜೀನ್‌ಗಳಲ್ಲಿ ಇದರದೂ ಒಂದು. ತಂಬಾಕನ್ನು ದವಡೆಯಲ್ಲಿಟ್ಟುಕೊಂಡೇ ಪಾಠ ಕೇಳುವ ಹುಡುಗರನ್ನು ನೋಡಿದಾಗೆಲ್ಲ ನನಗೆ ಈ ಜೀನ್ ನೆನಪಾಗುತ್ತದೆ.

ಟಿ-ಕೋಶಗಳ ಕಡಿವಾಣ ಬಿಚ್ಚುವ ಔಷಧಿಗಳಿಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಆ ಹೊತ್ತಿಗಾಗಲೇ, 2016ರಲ್ಲಿ, ಇಂಥ ಔಷಧಿಯಿಂದ ಮೊದಲು ಕುಗ್ಗಿ ಮತ್ತೆ ಬೆಳೆದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನ ನಾಲ್ವರು ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದ ವರದಿ ಬಂದಿತ್ತು: ಇಬ್ಬರಲ್ಲಿ ಟಿ-ಕೋಶಗಳು ಹೊರಬಿಡುವ ಇಂಟರ್‌ಫೆರಾನ್ ಎಂಬ ಪ್ರೋಟೀನಿನ ಸಂದೇಶವನ್ನು ಕೋಶದೊಳಗೆ ಸಾಗಿಸುವ ಜ್ಯಾಕ್1 ಅಥವಾ ಜ್ಯಾಕ್2 ಜೀನ್ ಕೆಟ್ಟಿತ್ತು, ಒಬ್ಬರಲ್ಲಿ ಅದೇ ಬೀಟಾ-2 ಮೈಕ್ರೋಗ್ಲಾಬ್ಯುಲಿನ್.