ಕ್ಯಾಮೆರಾ ಆಫ್ ಇದ್ದರೂ ಪರವಾಗಿಲ್ಲ, ಬನ್ನಿ

ಸ್ತನ ಕ್ಯಾನ್ಸರ್ ಆದವರ ಆನ್‌ಲೈನ್ ಗುಂಪಿಗೆ ಮೊದಲ ಸಲ ಸೇರಿದ ದಿನ ನಾನು ಒಂದು ಮಾತೂ ಆಡಲಿಲ್ಲ. ಮೂರನೇ ಕೀಮೋ ಆಗಿ ನಾಲ್ಕು ದಿನ ಕಳೆದಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ, ಫೋನು ದಿಂಬಿಗೆ ಒರಗಿತ್ತು. ಕ್ಯಾಮೆರಾ ಆಫ್, ಮೈಕ್ ಆಫ್, ಹೆಸರಿನ ಜಾಗದಲ್ಲಿ ಬರೀ ಒಂದು ಅಕ್ಷರ. ಹತ್ತು ನಿಮಿಷ ನೋಡಿ ಮುಚ್ಚಿಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಯಾರೋ ಒಬ್ಬರು ಹೇಳಿದರು, "ನಂಗೆ ಬಾಯಲ್ಲಿ ದಿನವಿಡೀ ನಾಣ್ಯ ಚೀಪಿದ ಹಾಗೆ ಇರುತ್ತೆ, ನೀರು ಕುಡಿದರೂ ಕಬ್ಬಿಣದ ರುಚಿ." ಒಂದೂವರೆ ತಿಂಗಳಿಂದ ಮನೆಯವರಿಗೆ ಹೇಳಲು ನಾನು ಒದ್ದಾಡುತ್ತಿದ್ದ ಮಾತು ಅದು. ಊಟ ಸೇರುತ್ತಿಲ್ಲ ಅಂದರೆ "ಸ್ವಲ್ಪ ತಿನ್ನು, ಮೈಗೆ ಶಕ್ತಿ ಬೇಕಲ್ವಾ" ಅನ್ನುತ್ತಿದ್ದರು. ಅವರ ತಪ್ಪೇನೂ ಇಲ್ಲ. ಆದರೆ ಆ ಪರದೆಯಲ್ಲಿದ್ದ ಎಂಟು ಮುಖಗಳಲ್ಲಿ ಆರು ಒಟ್ಟಿಗೆ ತಲೆಯಾಡಿಸಿದವು. ನಾನೂ ಕತ್ತಲಲ್ಲಿ ತಲೆಯಾಡಿಸಿದೆ. ಯಾರಿಗೂ ಕಾಣಲಿಲ್ಲ. ಗಂಟೆ ಪೂರ್ತಿ ಕೇಳಿಸಿಕೊಂಡೆ.

ಇದನ್ನು ಈಗ ಬರೆಯಲು ಕಾರಣ ಇದೆ. ಹೊಸದಾಗಿ ಸ್ತನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದವರೊಬ್ಬರು ಮೊನ್ನೆ ನನ್ನನ್ನು ಕೇಳಿದರು: "ಆನ್‌ಲೈನ್ ಗುಂಪು, ವ್ಯಾಯಾಮ, ಧ್ಯಾನ ಅಂತ ನರ್ಸ್ ಒಂದು ಪಟ್ಟಿ ಕೊಟ್ಟಿದ್ದಾರೆ. ಇದರಿಂದ ನಿಜವಾಗಿ ಏನಾದರೂ ಆಗುತ್ತಾ? ಎದುರಾಎದುರು ಕೂತ ಹಾಗೆ ಇರುತ್ತಾ?" ಎದುರಾಎದುರು ಕೂತ ಹಾಗೆ ಇರುವುದಿಲ್ಲ. ನನ್ನ ಮಟ್ಟಿಗೆ ಕೆಲವು ದಿನ ಅದಕ್ಕಿಂತ ಒಳ್ಳೆಯದೇ ಆಯಿತು.

ಯಾಕೆ ಅಂದರೆ, ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸುವ ದಿನವೇ ಮನೆಯಿಂದ ಹೊರಗೆ ಕಾಲಿಡಲು ಆಗದ ದಿನ. ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ, ಜನ ಸೇರುವ ಕಡೆ ಹೋಗಬೇಡಿ ಅನ್ನುತ್ತಾರೆ. ಆಪರೇಷನ್ ಆದ ಮೇಲೆ ಗಾಯದ ನೀರು ಹೊರಗೆ ಹರಿಸುವ ಡ್ರೈನ್ ಪೈಪು ನೇತಾಡುತ್ತಿರುತ್ತದೆ. ತಲೆಕೂದಲು ಹೋಗಿರುತ್ತದೆ, ಹುಬ್ಬೂ ಹೋಗಿರುತ್ತದೆ, ಯಾರ ಕಣ್ಣಿಗೂ ಬೀಳಲು ಮನಸ್ಸಿರುವುದಿಲ್ಲ. ರಾತ್ರಿಯ ಕಷ್ಟ ಇನ್ನೊಂದು ಥರ. ಕೀಮೋ ಜೊತೆ ಕೊಡುವ ಸ್ಟೆರಾಯ್ಡ್‌ನಿಂದ ನನಗೆ ಎರಡು ರಾತ್ರಿ ಕಣ್ಣು ಮುಚ್ಚುತ್ತಲೇ ಇರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಯಾರನ್ನು ಎಬ್ಬಿಸುವುದು? ಗುಂಪಿನಲ್ಲಿ "ಯಾರಾದರೂ ಎದ್ದಿದ್ದೀರಾ" ಅಂತ ಬರೆದರೆ ಯಾರೋ ಒಬ್ಬರು ಎದ್ದಿರುತ್ತಿದ್ದರು. ಅವರ ದೇಶದಲ್ಲಿ ಆಗ ಮಧ್ಯಾಹ್ನ ಇರುತ್ತಿತ್ತು, ಇಲ್ಲಾ ಅವರಿಗೂ ನಿದ್ದೆ ಬಂದಿರುತ್ತಿರಲಿಲ್ಲ.

ಎಣಿಸಿದರೆ ನಾವು ಕಡಿಮೆ ಜನ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022 ಒಂದೇ ವರ್ಷ 23 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿದೆ. ಆದರೂ ಆಸ್ಪತ್ರೆಯಿಂದ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ, ಲೋಕದಲ್ಲಿ ಇದು ಬಂದಿರುವುದು ನನಗೊಬ್ಬಳಿಗೇ ಅನ್ನಿಸುತ್ತದೆ. ಗಂಡಸರ ಪಾಡು ಇನ್ನೂ ಕಷ್ಟ. ಈ ಕಾಯಿಲೆಯಲ್ಲಿ ನೂರಕ್ಕೆ ಅರ್ಧದಿಂದ ಒಂದರಷ್ಟು ಗಂಡಸರು. ನಮ್ಮ ಗುಂಪಿನಲ್ಲಿ ಒಬ್ಬ ಅಣ್ಣ ಇದ್ದರು. ಆಸ್ಪತ್ರೆಯ ಹೊರಗೆ ಇನ್ನೊಬ್ಬರ ಜೊತೆ ಈ ಕಾಯಿಲೆಯ ಹೆಸರು ಹೇಳಿದ್ದು ಇದೇ ಮೊದಲು ಅಂದಾಗ ಅವರ ಗಂಟಲು ಕಟ್ಟಿತು. ಅವರಂಥವರಿಗೆ ಹತ್ತಿರದಲ್ಲಿ ಇನ್ನೊಬ್ಬರು ಸಿಗುವುದು ತುಂಬಾ ಕಷ್ಟ. ಆನ್‌ಲೈನ್ ಇಲ್ಲದಿದ್ದರೆ ಅವರು ಯಾರನ್ನು ಹುಡುಕಿಕೊಂಡು ಹೋಗಬೇಕಿತ್ತು?

ಅನುಭವಿಸಿದವರೇ ಬಂದು ಇನ್ನೊಬ್ಬರ ಪಕ್ಕ ಕೂರುವುದು ಹೊಸದೇನಲ್ಲ. 1952ರಲ್ಲಿ ಅಮೆರಿಕದ ಟೆರೀಸ್ ಲ್ಯಾಸರ್ ಅವರಿಗೆ ಸ್ತನ ತೆಗೆಯುವ ಆಪರೇಷನ್ ಆಯಿತು. ಮುಂದೆ ಕೈ ಎತ್ತುವುದು ಹೇಗೆ, ಬಟ್ಟೆ ಹಾಕಿಕೊಳ್ಳುವುದು ಹೇಗೆ ಅಂತ ಅವರಿಗೆ ಹೇಳಿಕೊಡುವವರು ಇರಲಿಲ್ಲ. ಅವರೇ ಆಸ್ಪತ್ರೆಗಳಿಗೆ ಹೋಗಿ ಹೊಸದಾಗಿ ಆಪರೇಷನ್ ಆದವರನ್ನು ಮಾತಾಡಿಸಲು ಶುರು ಮಾಡಿದರು. ಕೈ ವ್ಯಾಯಾಮಕ್ಕೆ ಅಂತ ಒಂದು ಚೆಂಡು, ಒಂದು ಹಗ್ಗ ಒಯ್ಯುತ್ತಿದ್ದರು. ಅನುಭವಿಸಿದವರೇ ಹೊಸಬರಿಗೆ ನೆರವಾಗುವ 'ರೀಚ್ ಟು ರಿಕವರಿ' ಅನ್ನುವ ಕಾರ್ಯಕ್ರಮ ಹುಟ್ಟಿದ್ದು ಹಾಗೆ. ಎಷ್ಟೋ ವೈದ್ಯರಿಗೆ ಇದು ಆಗ ಹಿಡಿಸಿರಲಿಲ್ಲ. ಆ ಚೆಂಡು, ಹಗ್ಗ ನೆನೆಸಿಕೊಂಡರೆ ನನಗೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಇನ್ನು ಎಲ್ಲರೂ ಒಳಗೊಳಗೇ ಕೇಳಿಕೊಳ್ಳುವ ಪ್ರಶ್ನೆ. ಗುಂಪಿಗೆ ಹೋದರೆ ಆಯಸ್ಸು ಜಾಸ್ತಿ ಆಗುತ್ತಾ? 1989ರಲ್ಲಿ ಡೇವಿಡ್ ಸ್ಪೀಗಲ್ ಅನ್ನುವ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದ 86 ಹೆಂಗಸರ ಮೇಲೆ ನಡೆದದ್ದು ಅದು. ವಾರಕ್ಕೊಮ್ಮೆ ಗುಂಪಿನಲ್ಲಿ ಕೂತವರು ಸರಾಸರಿ 18 ತಿಂಗಳು ಹೆಚ್ಚು ಬದುಕಿದ್ದರು ಅಂತ ಅದರಲ್ಲಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಜೊತೆಗಾರರು 235 ಹೆಂಗಸರ ಜೊತೆ ಮತ್ತೆ ಪರೀಕ್ಷೆ ಮಾಡಿದಾಗ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಸ್ಪೀಗಲ್ ಅವರೇ ಇನ್ನೊಮ್ಮೆ ಮಾಡಿದಾಗಲೂ ಒಟ್ಟಾರೆ ವ್ಯತ್ಯಾಸ ಸಿಗಲಿಲ್ಲ. ಆದರೆ ಗುಡ್‌ವಿನ್ ಅವರ ಅಧ್ಯಯನದಲ್ಲಿ ಗುಂಪಿಗೆ ಹೋದವರ ಮನಸ್ಸಿನ ಸಂಕಟ ಕಡಿಮೆ ಇತ್ತು, ನೋವೂ ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಶುರುವಿನಲ್ಲಿ ಯಾರು ಹೆಚ್ಚು ಕುಗ್ಗಿದ್ದರೋ ಅವರಿಗೇ ಹೆಚ್ಚು ಅನುಕೂಲ ಆಗಿತ್ತು.

ನನಗೆ ಇಷ್ಟು ಸಾಕು. ಇದನ್ನು ಓದಿದಾಗ ನನಗೆ ಸಮಾಧಾನವೇ ಆಯಿತು, ಯಾಕೆ ಗೊತ್ತಾ? "ಪಾಸಿಟಿವ್ ಆಗಿರು, ಮನಸ್ಸು ಗಟ್ಟಿ ಇದ್ದರೆ ಕಾಯಿಲೆ ಓಡಿಹೋಗುತ್ತೆ" ಅಂತ ಕೇಳಿ ಕೇಳಿ ನನ್ನ ತಲೆಯಲ್ಲಿ ಒಂದು ಭಯ ಕೂತುಬಿಟ್ಟಿತ್ತು. ಇವತ್ತು ಅತ್ತುಬಿಟ್ಟೆ, ಅಂದರೆ ಇವತ್ತು ಗಡ್ಡೆ ಬೆಳೆಯಿತಾ ಅಂತ. ಇಲ್ಲ. ಅತ್ತರೆ ಗಡ್ಡೆ ಬೆಳೆಯುವುದಿಲ್ಲ, ನಕ್ಕರೆ ಕರಗುವುದೂ ಇಲ್ಲ. ಔಷಧಿ ಅದರ ಕೆಲಸ ಮಾಡುತ್ತದೆ. ಗುಂಪು ಇರುವುದು ಆ ಔಷಧಿಯನ್ನು ತಡೆದುಕೊಳ್ಳುವ ನಮಗೋಸ್ಕರ. ನಮ್ಮ ಗುಂಪು ನಡೆಸುವ ಕೌನ್ಸೆಲರ್ ಮೊದಲ ವಾರವೇ ಹೇಳಿದ್ದರು, ಇಲ್ಲಿ ಯಾರೂ ಧೈರ್ಯವಾಗಿರಬೇಕಾಗಿಲ್ಲ ಅಂತ. ಆ ಒಂದು ಮಾತಿಗೆ ನಾಲ್ಕೈದು ಜನ ಅತ್ತೆವು.

ವ್ಯಾಯಾಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನಗೆ ಅತಿ ಹೆಚ್ಚು ಹೆದರಿಕೆ ಇದ್ದದ್ದು ಕೈ ವಿಷಯದಲ್ಲಿ. ಕಂಕುಳಿನ ಲಿಂಫ್ ಗ್ರಂಥಿ ತೆಗೆದರೆ, ಇಲ್ಲಾ ಅಲ್ಲಿಗೆ ರೇಡಿಯೇಷನ್ ಕೊಟ್ಟರೆ, ಆ ಕೈಯಿಂದ ನೀರು ಸರಿಯಾಗಿ ಹರಿದು ಹೋಗದೆ ಊದಿಕೊಳ್ಳಬಹುದು. ಲಿಂಫೆಡಿಮಾ ಅನ್ನುತ್ತಾರೆ. ಆಪರೇಷನ್ ಆದ ಹೊಸದರಲ್ಲಿ ಬರಬಹುದು, ವರ್ಷಗಳಾದ ಮೇಲೂ ಬರಬಹುದು. ಹಿಂದೆಲ್ಲ "ಆ ಕೈಯಲ್ಲಿ ಭಾರ ಎತ್ತಲೇಬೇಡಿ" ಅನ್ನುವುದೇ ಸಲಹೆ ಆಗಿತ್ತು. 1996ರಲ್ಲಿ ಕೆನಡಾದ ವ್ಯಾಂಕೋವರ್‌ನಲ್ಲಿ ಡಾನ್ ಮೆಕೆಂಜಿ ಅನ್ನುವ ವೈದ್ಯರು ಸ್ತನ ಕ್ಯಾನ್ಸರ್ ಆಗಿದ್ದ 24 ಹೆಂಗಸರಿಗೆ ತರಬೇತಿ ಕೊಟ್ಟು ಡ್ರ್ಯಾಗನ್ ಬೋಟ್ ಅನ್ನುವ ದೋಣಿಗೆ ಹುಟ್ಟು ಹಾಕಿಸಿದರು. ಉದ್ದನೆಯ ದೋಣಿ, ಎರಡೂ ಕೈಗೆ ಬಿಡುವಿಲ್ಲದ ಕೆಲಸ. ಅವರಲ್ಲಿ ಯಾರಿಗೂ ಹೊಸದಾಗಿ ಕೈ ಊದಲಿಲ್ಲ. ಈಗ ಎಷ್ಟೋ ದೇಶಗಳಲ್ಲಿ ಅಂಥ ತಂಡಗಳಿವೆ. 2009ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥ್ರಿನ್ ಶ್ಮಿಟ್ಜ್ ಅವರ ತಂಡ ಆಗಲೇ ಕೈ ಊದಿದ್ದ 141 ಹೆಂಗಸರ ಅಧ್ಯಯನ ಪ್ರಕಟಿಸಿತು. ವಾರಕ್ಕೆರಡು ಸಲ, ನಿಧಾನವಾಗಿ ತೂಕ ಏರಿಸುತ್ತಾ ವ್ಯಾಯಾಮ ಮಾಡಿದವರ ಊತ ಜಾಸ್ತಿ ಆಗಲಿಲ್ಲ, ಊತ ಕೆರಳುವುದು ಕಡಿಮೆಯೇ ಆಯಿತು, ಕೈಗೆ ಬಲವೂ ಬಂತು.

ಇಲ್ಲಿ "ನಿಧಾನವಾಗಿ" ಅನ್ನುವುದನ್ನು ಬಿಟ್ಟು ಓದಬೇಡಿ. ನಾನು ಮೊದಲು ಸೇರಿದ ಒಂದು ಆನ್‌ಲೈನ್ ಕ್ಲಾಸಿನಲ್ಲಿ ಯಾರೂ ಏನೂ ಕೇಳಲಿಲ್ಲ, ಎಲ್ಲರ ಜೊತೆ ನನ್ನ ಕೈಯಲ್ಲೂ ತಲೆ ಮೇಲೆ ತೂಕ ಎತ್ತಿಸಿದರು, ಎರಡು ದಿನ ಭುಜ ಅಲ್ಲಾಡಿಸಲು ಆಗಲಿಲ್ಲ. ಈಗ ಹೋಗುವ ಕ್ಲಾಸಿನಲ್ಲಿ ಶುರು ಮಾಡುವ ಮುಂಚೆಯೇ ಫಿಸಿಯೋಥೆರಪಿಸ್ಟ್ ಪ್ರತಿಯೊಬ್ಬರನ್ನೂ ಕೇಳುತ್ತಾರೆ: ಆಪರೇಷನ್ ಆಗಿ ಎಷ್ಟು ವಾರ, ಡ್ರೈನ್ ತೆಗೆದಿದ್ದಾರಾ, ಯಾವ ಕಡೆಯ ಕೈ, ಕಾಲ್ಬೆರಳು ಜೋಮು ಹಿಡಿಯುತ್ತಾ, ಮೂಳೆಗೆ ಹರಡಿದೆಯಾ. ಕೊನೆಯದು ತುಂಬಾ ಮುಖ್ಯ. ಬೆನ್ನುಮೂಳೆಗೆ ಹರಡಿದ್ದರೆ ಬಗ್ಗಿ ತಿರುಚುವ ಆಸನಗಳಿಂದ ಮೂಳೆ ಮುರಿಯುವ ಅಪಾಯ ಇರುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋದಿಂದ ಪಾದ ಜೋಮು ಹಿಡಿದಿದ್ದರೆ ಒಂಟಿ ಕಾಲಲ್ಲಿ ನಿಲ್ಲುವಾಗ ಕುರ್ಚಿ ಹಿಡಿದುಕೊಳ್ಳಲೇಬೇಕು. ಈ ಪ್ರಶ್ನೆಗಳನ್ನು ಕೇಳದ ಕ್ಲಾಸ್ ಎಷ್ಟೇ ಹೆಸರು ಮಾಡಿರಲಿ, ಬಿಟ್ಟುಬಿಡಿ.

ಆ ಕ್ಲಾಸಿನಲ್ಲಿ ನನ್ನ ಮೊದಲ ಸಾಧನೆ ಗೋಡೆ ಮೇಲೆ ಬೆರಳಿಂದ ಹತ್ತುವುದು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆ ಹಾಗೆ ಮೇಲೆ ನಡೆಸುವುದು, ಎಳೆತ ಶುರುವಾದ ಕಡೆ ನಿಲ್ಲಿಸುವುದು. ಎಲ್ಲಿಗೆ ಮುಟ್ಟಿತೋ ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ ಅಂದರು. ನನ್ನ ಗೋಡೆ ಮೇಲೆ ಈಗಲೂ ಆ ಗೆರೆಗಳಿವೆ, ಮೊದಲನೆಯದು ಭುಜಕ್ಕಿಂತ ಕೆಳಗೆ. ಪರದೆಯಲ್ಲಿ ಎಲ್ಲರೂ ಅವರವರ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹಿಂದಿನಿಂದ ನೋಡಿದರೆ ಅವತ್ತು ಯಾರಿಗೆ ಎಷ್ಟು ನೋವಿದೆ ಅಂತ ಭುಜದಲ್ಲೇ ಗೊತ್ತಾಗುತ್ತಿತ್ತು.

ಸುಸ್ತಿನ ವಿಷಯ ಹೊರಗಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಮಲಗಿದಷ್ಟೂ ಜಾಸ್ತಿ ಆಗುತ್ತದೆ, ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಇರುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಸಾಧಾರಣ ವೇಗದ ವ್ಯಾಯಾಮ ಮಾಡಿದರೆ ಸುಸ್ತು, ಆತಂಕ ಎರಡೂ ಇಳಿಯುತ್ತವೆ ಅಂತ 2019ರಲ್ಲಿ ಪರಿಣತರು ಸೇರಿ ಹೇಳಿದ್ದಾರೆ. ಅರ್ಧ ಗಂಟೆ ಅಂತ ಕೇಳಿ ಹೆದರಬೇಡಿ. ನಾವು ಗುಂಪಿನಲ್ಲಿ "ಇವತ್ತು ಐದು ನಿಮಿಷ ನಡೆದೆ" ಅಂತ ಬರೆಯುತ್ತಿದ್ದೆವು, ಇನ್ನೊಬ್ಬರು "ನಾನು ಬಾಗಿಲ ತನಕ" ಅಂತ ಬರೆಯುತ್ತಿದ್ದರು. ಇನ್ನು ಯೋಗ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಚಿಕಿತ್ಸೆ ಮುಗಿಸಿದ್ದ 200 ಹೆಂಗಸರಿದ್ದರು. ಅವರಲ್ಲಿ 12 ವಾರ ಯೋಗ ಮಾಡಿದವರಿಗೆ, ಆಮೇಲೆ ಮೂರು ತಿಂಗಳು ಬಿಟ್ಟು ನೋಡಿದಾಗ, ಮಾಡದವರಿಗಿಂತ ಸುಸ್ತು ಕಡಿಮೆ ಇತ್ತು.

ಧ್ಯಾನ ನನಗೆ ಸುಲಭಕ್ಕೆ ಒಗ್ಗಲಿಲ್ಲ. ಕಾಲಿನಿಂದ ತಲೆಯವರೆಗೆ ಒಂದೊಂದೇ ಅಂಗದ ಕಡೆ ಗಮನ ಕೊಡಿ ಅನ್ನುತ್ತಾರಲ್ವಾ, ಎದೆಯ ಹತ್ತಿರ ಬಂದ ಕೂಡಲೇ ನನಗೆ ಉಸಿರು ಕಟ್ಟುತ್ತಿತ್ತು. ಅಲ್ಲಿ ಚರ್ಮ ಮರಗಟ್ಟಿದೆ, ಇರಬೇಕಾದ್ದು ಇಲ್ಲ. ಹೇಳಿಕೊಡುವವರಿಗೆ ಹೇಳಿದೆ. "ಆ ಜಾಗ ಬಿಟ್ಟು ಮುಂದೆ ಹೋಗಿ, ಅದು ನಿಮ್ಮ ಇಷ್ಟ" ಅಂದರು. ನಾಲ್ಕು ವಾರ ಬಿಟ್ಟೇ ಹೋದೆ. ಐದನೇ ವಾರ ಒಂದು ಕ್ಷಣ ನಿಂತೆ. ಕೂರಲು ಆಗದವರಿಗೆ ಬರವಣಿಗೆ ಇದೆ. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕೊರೆಯುವುದನ್ನು ಹಾಗೇ ಬರೆಯುವುದು, ವ್ಯಾಕರಣ ನೋಡದೆ, ಯಾರಿಗೂ ತೋರಿಸದೆ. ನಮ್ಮ ಗುಂಪಿನಲ್ಲಿ ಎಲ್ಲರೂ ಮೈಕ್ ಆಫ್ ಮಾಡಿ ಒಟ್ಟಿಗೆ ಬರೆಯುತ್ತಿದ್ದೆವು. ಹದಿನೈದು ನಿಮಿಷ ಯಾರ ಮಾತೂ ಇಲ್ಲ, ಬಗ್ಗಿದ ತಲೆಗಳು ಮಾತ್ರ. ಅಂಥ ಮೌನ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಹುಷಾರಾಗಿರಬೇಕಾದ್ದೂ ಇದೆ. ತುಂಬಾ ಗುಂಪುಗಳಲ್ಲಿ ಯಾರೋ ಬಂದು "ಹಾರ್ಮೋನ್ ಮಾತ್ರೆ ಬಿಡಿ, ಈ ಪುಡಿ ತಗೊಳ್ಳಿ" ಅನ್ನುತ್ತಾರೆ. ಕ್ಯಾನ್ಸರ್ ಮರಳಿ ಬರದಿರಲಿ ಅಂತ ಹಾರ್ಮೋನನ್ನು ತಡೆಯುವ ಟ್ಯಾಮಾಕ್ಸಿಫೆನ್, ಲೆಟ್ರೋಜೋಲ್‌ನಂಥ ಮಾತ್ರೆಗಳನ್ನು ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು. ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಕಾವು ಏರುತ್ತದೆ, ಬೆಳಗ್ಗೆ ಎದ್ದರೆ ಕೀಲುಗಳು ಹಿಡಿದುಕೊಂಡಿರುತ್ತವೆ. ಬೇಸತ್ತ ಹೊತ್ತಿನಲ್ಲಿ ಅಂಥ ಮಾತು ಕಿವಿಗೆ ಹಿತವಾಗಿ ಕೇಳಿಸುತ್ತದೆ, ನನಗೂ ಕೇಳಿಸಿದೆ. ಮಾತ್ರೆ ಬಿಡುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ, ಕೀಲುನೋವಿಗೆ ಮಾತ್ರೆ ಬದಲಾಯಿಸಿಕೊಟ್ಟವರೂ ಇದ್ದಾರೆ. ಅಂಥ ಮಾರಾಟದ ಮಾತನ್ನು ಕೂಡಲೇ ತೆಗೆದುಹಾಕುವ, ಯಾವುದನ್ನೂ ರೆಕಾರ್ಡ್ ಮಾಡದ, ತರಬೇತಿ ಇರುವವರು ನಡೆಸುವ ಗುಂಪನ್ನೇ ಹುಡುಕಿ. ಇನ್ನೊಬ್ಬರ ರಿಪೋರ್ಟ್ ಜೊತೆ ನಿಮ್ಮದನ್ನು ಅಳೆದು ನೋಡಬೇಡಿ. ಹೆಸರು ಒಂದೇ ಆದರೂ ಸ್ತನ ಕ್ಯಾನ್ಸರಿನಲ್ಲಿ ಬೇರೆ ಬೇರೆ ಬಗೆಗಳಿವೆ: ಹಾರ್ಮೋನ್ ಪಾಸಿಟಿವ್ ಬೇರೆ, ಹರ್2 ಬೇರೆ, ಟ್ರಿಪಲ್ ನೆಗೆಟಿವ್ ಬೇರೆ, ಔಷಧಿಯೂ ಬೇರೆ.

ಹರಡಿದ ಕ್ಯಾನ್ಸರ್ ಇರುವವರಿಗೆ ಬೇರೆಯೇ ಗುಂಪು ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಅವರನ್ನು ದೂರ ಇಡಲಿಕ್ಕೆ ಅಲ್ಲ. "ಚಿಕಿತ್ಸೆ ಮುಗಿಯಿತು, ಗೆದ್ದೆ" ಅಂತ ನಾವು ಸಂಭ್ರಮ ಪಡುವಾಗ, ಚಿಕಿತ್ಸೆ ಎಂದೂ ಮುಗಿಯದವರು ಅಲ್ಲೇ ಕೂತು ಚಪ್ಪಾಳೆ ತಟ್ಟಬೇಕಾಗುತ್ತದೆ. ಒಬ್ಬ ಅಕ್ಕ ನಮ್ಮ ಜೊತೆ ಹಾಗೆ ಏಳು ತಿಂಗಳು ಕೂತಿದ್ದರು. ಆಮೇಲೆ ಅವರಿಗೆ ಅವರಂಥವರ ಗುಂಪು ಸಿಕ್ಕಿತು. "ಇಲ್ಲಿ ನಾನು ಯಾರನ್ನೂ ಹೆದರಿಸುತ್ತಿಲ್ಲ" ಅಂತ ಒಂದು ಸಾಲು ಕಳಿಸಿದರು.

ನನ್ನ ತಂಗಿಯ ಬಗ್ಗೆ ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಪ್ರತಿ ವಾರ ಗುಂಪು ಸೇರುವ ಹೊತ್ತಿಗೆ ಅವಳು ಮಕ್ಕಳನ್ನು ಕರೆದುಕೊಂಡು ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು. ಒಳಗೆ ಏನು ಮಾತಾಯಿತು ಅಂತ ಒಮ್ಮೆಯೂ ಕೇಳಲಿಲ್ಲ. ರೇಡಿಯೇಷನ್ ಮುಗಿದ ವಾರ ನನ್ನ ಹಾಸಿಗೆ ಅಂಚಿನಲ್ಲಿ ಕೂತು ಕೇಳಿದಳು, "ಅಕ್ಕಾ, ನೋಡಿಕೊಳ್ಳುವವರಿಗೂ ಇಂಥದ್ದು ಇರುತ್ತಾ?" ಇತ್ತು, ಅದೇ ಕೌನ್ಸೆಲರ್ ನಡೆಸುತ್ತಿದ್ದರು. ಮುಂದಿನ ಗುರುವಾರ ಸಂಜೆ ಅವಳು ನನ್ನ ಕೋಣೆಯಲ್ಲಿ ಫೋನ್ ಹಿಡಿದು ಕೂತಳು, ಕ್ಯಾಮೆರಾ ಆಫ್. ಮಕ್ಕಳನ್ನು ಕರೆದುಕೊಂಡು ನಾನು ಬಾಗಿಲು ಎಳೆದುಕೊಂಡೆ.