ಬಾಣ ಹುಡುಕುವವರ ಸಂಗ

ಬಿಲ್ಲು ಬಾಣ ಕಲಿಯೋಕೆ ಹೋಗ್ತಿದ್ದೇನೆ ಅಂದಾಗ ಹಾಸನದಲ್ಲಿರುವ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಪ್ರಾಣಿ ಸಾಯಿಸೋಕೋ?" ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ಯಾವುದನ್ನೂ ಸಾಯಿಸಲ್ಲ ಕಣೇ ಅಂದೆ. ನಂಬಲಿಲ್ಲ. ಈಗಲೂ ನಾನು ಯಾವುದನ್ನೂ ಸಾಯಿಸಿಲ್ಲ. ಆದರೆ ಸಾಯಿಸುವವರ ಜೊತೆ ರಾತ್ರಿ ಕಾಡಿನಲ್ಲಿ ಟಾರ್ಚ್ ಹಿಡಿದು ಓಡಾಡಿದ್ದೇನೆ, ಅಂಥ ಸ್ನೇಹಿತರು ಈ ದೇಶದಲ್ಲಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ, ಹಾಗಾಗಿ ಅವಳಿಗೆ ಏನು ಹೇಳೋದು ಅನ್ನೋದು ಸ್ವಲ್ಪ ಕಷ್ಟವೇ.

ನಾನಿರೋದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ಕೆಲಸ ಕಾರಿನ ಬಿಡಿಭಾಗದ್ದು. ಇಲ್ಲಿ ಅಕ್ಟೋಬರ್ 1 ಬಂತು ಅಂದರೆ ಆಫೀಸಿನಲ್ಲಿ ಕೆಲವು ಕುರ್ಚಿಗಳು ಖಾಲಿ. ಅವತ್ತಿನಿಂದ ಬಿಲ್ಲಿನಲ್ಲಿ ಜಿಂಕೆ ಬೇಟೆಗೆ ಅನುಮತಿ. ಬಂದೂಕಿನವರು ನವೆಂಬರ್ 15ರವರೆಗೆ ಕಾಯಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಂದರೆ ಕಳ್ಳ ಕೆಲಸ. ಇಲ್ಲಿ ಅದು ರಜೆ ಅರ್ಜಿಯಲ್ಲಿ ರಾಜಾರೋಷವಾಗಿ ಬರೆಯುವ ಕಾರಣ. ಮೊದಮೊದಲು ನನಗೆ ಇದು ವಿಚಿತ್ರ ಅನ್ನಿಸ್ತಿತ್ತು. ಆಮೇಲೆ ನಮ್ಮ ಟೂಲ್ ರೂಮಿನ ಹಿರಿಯರೊಬ್ಬರು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮ ಪಿಕಪ್‌ನಿಂದ ಒಂದು ಬಿಲ್ಲು ತೆಗೆದು ತೋರಿಸಿದರು.

ಅಷ್ಟರವರೆಗೆ ನಾನು ನೋಡಿದ್ದೆಲ್ಲ ಕಾಂಪೌಂಡ್ ಬಿಲ್ಲು. ಎರಡು ತುದಿಯಲ್ಲೂ ಚಕ್ರ, ಕೇಬಲ್ಲು, ಗುರಿ ನೋಡೋಕೆ ಪಿನ್ನು. ಅದು 1960ರ ದಶಕದಲ್ಲಿ ಮಿಸೌರಿಯ ಒಬ್ಬ ಮನುಷ್ಯ ಕಂಡುಹಿಡಿದದ್ದು. ಪೂರ್ತಿ ಎಳೆದ ಮೇಲೆ ಮುಕ್ಕಾಲು ಭಾರ ಚಕ್ರವೇ ಹೊತ್ತುಕೊಳ್ಳುತ್ತೆ, ನೀವು ಆರಾಮಾಗಿ ನಿಂತು ಗುರಿ ನೋಡಬಹುದು. ಇವರು ತೋರಿಸಿದ್ದರಲ್ಲಿ ಅದ್ಯಾವುದೂ ಇರಲಿಲ್ಲ. ಮೇಪಲ್ ಮರದ ತೆಳು ಪಟ್ಟಿಗಳ ಎರಡೂ ಕಡೆ ಫೈಬರ್‌ಗ್ಲಾಸ್ ಅಂಟಿಸಿದ ರಿಕರ್ವ್, ತುದಿಗಳು ಮುಂದಕ್ಕೆ ಬಾಗಿದ್ದವು. ಒಂದು ಹೆದೆ. ಅಷ್ಟೇ. ಹಿಡಿಯುವ ಜಾಗದಲ್ಲಿ ಮರ ಅವರ ಅಂಗೈ ತಿಕ್ಕಿ ತಿಕ್ಕಿ ಕಪ್ಪಾಗಿ ಹೊಳೀತಿತ್ತು. ಎಳೆದು ನೋಡು ಅಂದರು. 28 ಇಂಚು ಎಳೆದರೆ 45 ಪೌಂಡ್ ಭಾರ, ಅಂದರೆ ಇಪ್ಪತ್ತು ಕಿಲೋ ಮೇಲೆ. ಅರ್ಧ ಎಳೆಯೋಷ್ಟರಲ್ಲಿ ನನ್ನ ಕೈ ನಡುಗಿತು. ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತೆ, ಹಿಡಿದು ನಿಲ್ಲೋ ಮಾತೇ ಇಲ್ಲ.

"ಭಾನುವಾರ ಕ್ಲಬ್ಬಿಗೆ ಬಾ, ಹಗುರದ್ದು ಕೊಡಿಸ್ತೀನಿ" ಅಂದರು. ಸುಮ್ನೆ ಹೋದೆ.

ಅಲ್ಲಿ ಕಾಡಿನೊಳಗೆ ಒಂದು ದಾರಿ ಮಾಡಿ, ಉದ್ದಕ್ಕೂ ಫೋಮಿನಲ್ಲಿ ಮಾಡಿದ ಪ್ರಾಣಿಗಳನ್ನು ನಿಲ್ಲಿಸಿದ್ದರು. ಜಿಂಕೆ, ಕಾಡುಹಂದಿ, ಟರ್ಕಿ ಕೋಳಿ, ಎರಡು ಕಾಲಲ್ಲಿ ನಿಂತ ಕರಡಿ. ನಾಲ್ಕೈದು ಜನರ ಗುಂಪು ಮಾಡಿ ಬಿಡ್ತಾರೆ. ನನ್ನ ಗುಂಪಿನಲ್ಲಿ ಒಬ್ಬ ಪ್ಲಂಬರ್, ಒಬ್ಬ ನರ್ಸ್, ಅವಳ ಹನ್ನೆರಡು ವರ್ಷದ ಮಗ, ನಮ್ಮ ಹಿರಿಯರು. ಯಾರು ಎಲ್ಲಿಂದ ಬಂದವರು, ಎಷ್ಟು ಸಂಬಳ, ಯಾವ ಪಾರ್ಟಿ, ಒಬ್ಬರೂ ಕೇಳಲಿಲ್ಲ. ನನ್ನ ಕೈಗೆ ಚರ್ಮದ ಪಟ್ಟಿ ಕಟ್ಟಿದರು, ಇಲ್ಲದಿದ್ದರೆ ಹೆದೆ ಮುಂಗೈಗೆ ಬಡಿದು ನೀಲಿಗಟ್ಟುತ್ತೆ. ಮೂರು ಬೆರಳಲ್ಲಿ ಹೆದೆ ಹಿಡಿ, ತೋರುಬೆರಳು ಬಾಣದ ಮೇಲೆ, ಎರಡು ಕೆಳಗೆ. ಬಾಯಿಯ ಮೂಲೆಗೆ ಬೆರಳು ತಾಗುವವರೆಗೆ ಎಳಿ. ಪ್ರತಿ ಸಲ ಅದೇ ಜಾಗ. ಬಾಣದ ಹಿಂದಿನ ಟರ್ಕಿ ಗರಿ ಕೆನ್ನೆಗೆ ಸವರುತ್ತೆ, ಸವರಲಿಲ್ಲ ಅಂದರೆ ಎಲ್ಲೋ ಕೈ ತಪ್ಪಿದೆ ಅಂತ. ಬಾಣದ ತುದಿ ನೋಡಬೇಡ, ಜಿಂಕೆಯನ್ನೂ ನೋಡಬೇಡ. ಮುಂಗಾಲಿನ ಹಿಂದೆ ಒಂದು ಕೂದಲು ಆರಿಸಿಕೋ. ಅದನ್ನು ಮಾತ್ರ ನೋಡು.

ಬಿಟ್ಟೆ. ಬಾಣ ಜಿಂಕೆಯ ಬೆನ್ನ ಮೇಲಿಂದ ಹಾರಿ ಕಾಡು ಸೇರಿತು.

ಹೋಗಲಿ ಬಿಡಿ, ಒಂದು ಬಾಣ ತಾನೇ ಅಂದೆ. ಇಲ್ಲ. ನಾಲ್ಕೂ ಜನ ತಮ್ಮ ಬಿಲ್ಲುಗಳನ್ನು ಮರಕ್ಕೆ ಒರಗಿಸಿ ಹುಡುಕೋಕೆ ಶುರು ಮಾಡಿದರು. ಇದರಲ್ಲೂ ಒಂದು ಕ್ರಮ ಇದೆ. ಬಿಟ್ಟ ಜಾಗದಲ್ಲೇ ಒಬ್ಬರು ನಿಂತು ಬಾಣ ಹೋದ ಗೆರೆಗೆ ಕೈ ಚಾಚಿ ತೋರಿಸ್ತಾರೆ, ಉಳಿದವರು ಆ ಗೆರೆ ಹಿಡಿದು ಎರಡೂ ಪಕ್ಕ ಕಾಲಲ್ಲಿ ಎಲೆ ಸರಿಸ್ತಾ ಹೋಗ್ತಾರೆ. ಬಾಣ ನೆಲಕ್ಕೆ ಚುಚ್ಚಿ ನಿಲ್ಲೋದು ಸಿನಿಮಾದಲ್ಲಿ. ಇಲ್ಲಿ ಅದು ಹುಲ್ಲಿನ ಬುಡದಲ್ಲಿ ಹಾವಿನ ಹಾಗೆ ನುಗ್ಗಿ ಪೂರ್ತಿ ಮುಚ್ಚಿಹೋಗುತ್ತೆ, ಮೇಲೆ ಏನೂ ಕಾಣಲ್ಲ. ನರ್ಸಿನ ಮಗ ಒಂದು ಕಂಬಿಗೆ ಕೊಕ್ಕೆ ಮಾಡಿಕೊಂಡು ಬಂದಿದ್ದ, ಅದರಲ್ಲಿ ನೆಲ ಗೀರುತ್ತಾ ಹೋದರೆ ಬಾಣಕ್ಕೆ ತಗುಲಿ ಮೇಲೇಳುತ್ತೆ. ನನ್ನದು ಅವನಿಗೇ ಸಿಕ್ಕಿತು. ಅದರ ಪಕ್ಕ ಇನ್ನೊಂದು, ಯಾವ ಕಾಲದ್ದೋ, ಗರಿಯೆಲ್ಲ ಇಲಿ ತಿಂದದ್ದು. ಎಲ್ಲರೂ ಸೇರಿ ಅದು ಯಾರದಿರಬಹುದು ಅಂತ ಅರ್ಧ ಗಂಟೆ ಮಾತಾಡಿದರು.

ಇಡೀ ದಿನ ಹೀಗೇ. ಬಾಣ ಬಿಡೋಕೆ ಎರಡು ಕ್ಷಣ, ಹುಡುಕೋಕೆ ಹದಿನೈದು ನಿಮಿಷ. ನನಗೆ ಈ ಜನ ಪರಿಚಯ ಆದದ್ದೇ ಆ ಹದಿನೈದು ನಿಮಿಷಗಳಲ್ಲಿ. ತಲೆ ಬಗ್ಗಿಸಿ ಹುಲ್ಲು ಸರಿಸುವಾಗ ಮನುಷ್ಯ ಮುಖ ನೋಡಿ ಹೇಳದ ಮಾತೆಲ್ಲ ಹೇಳ್ತಾನೆ. ಪ್ಲಂಬರ್ ತನ್ನ ಡೈವೋರ್ಸ್ ಕಥೆ ಪೂರ್ತಿ ಹೇಳಿದ್ದು ಫೋಮ್ ಕರಡಿಯ ಹಿಂದಿನ ಮುಳ್ಳುಪೊದೆಯಲ್ಲಿ. ಗುರಿ ತಪ್ಪದ ಬಿಲ್ಲಾಗಿದ್ದರೆ ಇಷ್ಟೊಂದು ಸ್ನೇಹ ಬೆಳೀತಿರಲಿಲ್ಲವೇನೋ.

ಸಂಜೆ ಬೆಂಕಿ ಹಾಕಿ ಕೂತಾಗ ಹಿರಿಯರು ಈ ಬಿಲ್ಲಿನ ವಂಶಾವಳಿ ಹೇಳಿದರು. ಇಲ್ಲಿ ಎಲ್ಲರಿಗೂ ಅದು ಬಾಯಿಪಾಠ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಹತ್ತಿರ ಒಬ್ಬ ಮನುಷ್ಯ ಹಸಿದು ಬಳಲಿ ಕಾಡಿನಿಂದ ಹೊರಗೆ ಬಂದ. ಯಾಹಿ ಬುಡಕಟ್ಟಿನ ಕೊನೆಯವನು. ಉಳಿದವರನ್ನು ಕೊಂದದ್ದು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ತನ್ನ ಹೆಸರನ್ನು ಅವನು ಹೇಳಲಿಲ್ಲ, ಇವರು ಇಶಿ ಅಂತ ಕರೆದರು. ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲಿ ಇರಿಸಿದರು. ಅವನಿಗೆ ಔಷಧ ಕೊಡುತ್ತಿದ್ದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಮಾಡೋದು, ಬೇಟೆ ಆಡೋದು ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಪೋಪ್ ಮತ್ತು ಅವರ ಗೆಳೆಯ ಆರ್ಟ್ ಯಂಗ್ ಆ ವಿದ್ಯೆ ಹಿಡಿದುಕೊಂಡು ಹೊರಟರು. ಆರ್ಟ್ ಯಂಗ್ ಅಲಾಸ್ಕಾ ಬೇಟೆಯ ಒಂದು ಸಿನಿಮಾ ತೋರಿಸ್ತಾ ಡೆಟ್ರಾಯಿಟ್‌ಗೆ ಬಂದಾಗ ಅದನ್ನು ನೋಡಿದ ಹುಡುಗ ಫ್ರೆಡ್ ಬೇರ್, ಕಾರ್ ಕಂಪನಿಯಲ್ಲಿ ಮರದ ಅಚ್ಚು ಮಾಡುವವನು. ಅವನು ಮುಂದೆ ಬಿಲ್ಲಿನ ಕಾರ್ಖಾನೆ ಹಾಕಿ, 1947ರಲ್ಲಿ ಅದನ್ನು ಉತ್ತರ ಮಿಶಿಗನ್‌ನ ಗ್ರೇಲಿಂಗ್‌ಗೆ ಒಯ್ದ. ಈ ರಾಜ್ಯದಲ್ಲಿ ಬಿಲ್ಲಿನ ಬೇಟೆಗೆ ಬೇರೆ ಕಾಲ ಅಂತ ಮೊದಲು ಕೊಟ್ಟದ್ದು 1937ರಲ್ಲಿ, ಅದೂ ಎರಡೇ ಕೌಂಟಿಗಳಲ್ಲಿ. ಹಿರಿಯರಿಗೆ ಫ್ರೆಡ್ ಬೇರ್ ಅಂದರೆ ನಮ್ಮ ಕಡೆ ರಾಜ್‌ಕುಮಾರ್ ಅಂದ ಹಾಗೆ. ನನಗೆ ಮಾತ್ರ ಇಶಿಯನ್ನು ದಾಟಿ ಮುಂದಕ್ಕೆ ಮನಸ್ಸು ಹೋಗಲಿಲ್ಲ. ತನ್ನವರು ಒಬ್ಬರೂ ಉಳಿಯದೆ ಹೋದ ಮೇಲೆ, ಹೋಗಲು ಕಾರಣರಾದ ಜನರಿಗೇ ವಿದ್ಯೆ ಹೇಳಿಕೊಟ್ಟ, ಅಲ್ವಾ.

ನನ್ನ ಸರದಿ ಬಂತು. ಒಂದು ಕೂದಲು ನೋಡು ಅಂದಿರಲ್ಲ, ಅದು ನಮ್ಮಲ್ಲಿ ಹಳೇ ಪಾಠ ಅಂತ ದ್ರೋಣ, ಅರ್ಜುನ, ಹಕ್ಕಿಯ ಕಣ್ಣು ಎಲ್ಲ ಹೇಳಿದೆ. ತಲೆದೂಗಿದರು. ಹಾಗೇ ಏಕಲವ್ಯನ ಕಥೆಗೂ ಬಂದೆ. ಗುರುದಕ್ಷಿಣೆ ಅಂತ ಹೆಬ್ಬೆರಳು ಕತ್ತರಿಸಿ ಕೊಟ್ಟ ಅಂದಾಗ ಎಲ್ಲರೂ ಸುಮ್ಮನಾಗ್ತಾರೆ ಅಂದುಕೊಂಡಿದ್ದೆ. ಪ್ಲಂಬರ್ ತನ್ನ ಬಲಗೈ ಎತ್ತಿ ನೋಡಿಕೊಂಡು, "ಹೆಬ್ಬೆರಳು ಹೋದರೆ ಏನಂತೆ? ನಾವು ಬಿಡೋದು ಮೂರು ಬೆರಳಲ್ಲಿ ತಾನೇ?" ಅಂದ. ನಾನು ತಬ್ಬಿಬ್ಬು. ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ಹಿರಿಯರು ಬಿಡಿಸಿ ಹೇಳಿದರು. ಏಷ್ಯಾದಲ್ಲಿ ಬಹಳ ಕಡೆ ಹೆದೆ ಎಳೆಯೋದು ಹೆಬ್ಬೆರಳಿನಿಂದ, ಮಂಗೋಲರು ಈಗಲೂ ಹಾಗೆ ಎಳೀತಾರೆ, ಬೆರಳಿಗೆ ಉಂಗುರ ಹಾಕಿಕೊಂಡು. ಆ ಹುಡುಗನೂ ಹಾಗೇ ಎಳೀತಿದ್ದಿರಬೇಕು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ಮಹಾಭಾರತದಲ್ಲೇ ಇದೆ: ಆಮೇಲೆ ಏಕಲವ್ಯ ಉಳಿದ ಬೆರಳುಗಳಲ್ಲಿ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಬರಲಿಲ್ಲ. ಬರೆದವರಿಗೆ ಬಿಲ್ಲು ಗೊತ್ತಿತ್ತು.

ಅಕ್ಟೋಬರ್ ಮಧ್ಯದಲ್ಲಿ ಒಂದು ಸಂಜೆ ಫೋನಿನಲ್ಲಿ ಹಿರಿಯರ ಮೆಸೇಜು. ಹೆಣ್ಣು ಜಿಂಕೆಗೆ ಬಾಣ ತಗುಲಿದೆ, ಟಾರ್ಚ್ ಇದ್ದರೆ ಬಾ. ಸಾಂಪ್ರದಾಯಿಕ ಬಿಲ್ಲಿನವರು 20 ಗಜದ ಆಚೆ ಸಾಮಾನ್ಯವಾಗಿ ಬಾಣ ಬಿಡಲ್ಲ, ಇವರು ಬಿಟ್ಟದ್ದು ಹದಿನೈದರಲ್ಲಿ. ಆದರೂ ಜಿಂಕೆ ಹೆದೆಯ ಸದ್ದಿಗೇ ಮೈ ತಿರುಗಿಸಿತ್ತು. ನಾನು ಹೋಗೋಷ್ಟರಲ್ಲಿ ಪ್ಲಂಬರ್, ನರ್ಸ್, ಇನ್ನಿಬ್ಬರು ಅಲ್ಲಿದ್ದರು. ಪಿಕಪ್‌ನ ಬಾಗಿಲ ಮೇಲೆ ಬಾಣ ಇಟ್ಟು ಎಲ್ಲರೂ ಬಗ್ಗಿ ನೋಡ್ತಿದ್ದರು. ನರ್ಸ್ ಗರಿಯನ್ನು ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿದಳು. ಗುಳ್ಳೆ ಗುಳ್ಳೆಯಾಗಿ ತಿಳಿಗೆಂಪಿದ್ದರೆ ಶ್ವಾಸಕೋಶ, ಬೇಗ ಬೀಳುತ್ತೆ, ಅರ್ಧ ಗಂಟೆ ಕಾದು ಹೋಗಬಹುದು. ಹಸಿರು ಕೊಳಕು ಇದ್ದರೆ ಹೊಟ್ಟೆ, ಬೆಳಗಿನವರೆಗೆ ಕಾಯಬೇಕು. ಇದು ಗಾಢ ಕೆಂಪು. ಲಿವರ್. ನಾಲ್ಕರಿಂದ ಆರು ಗಂಟೆ. ಈಗಲೇ ಬೆನ್ನು ಹತ್ತಿದರೆ ಮಲಗಿದ್ದು ಎದ್ದು ಓಡುತ್ತೆ, ಆಮೇಲೆ ಸಿಗಲ್ಲ.

ಗ್ಯಾರೇಜಿನಲ್ಲಿ ಕಾಫಿ ಕುಡೀತಾ ಕೂತೆವು. ಹಿರಿಯರು ಒಂದು ಮಾತೂ ಆಡಲಿಲ್ಲ. ಹೀಗೆ ಬಿಟ್ಟಿರಬಾರದಿತ್ತು ಅಂತ ಮುಖದಲ್ಲೇ ಇತ್ತು. ಯಾರೂ ಸಮಾಧಾನ ಹೇಳೋಕೆ ಹೋಗಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಮರುದಿನ ಎಲ್ಲರಿಗೂ ಕೆಲಸ ಇತ್ತು.

ಮಧ್ಯರಾತ್ರಿ ಹೊರಟೆವು. ಅದೇ ಕ್ರಮ. ಕೊನೆಯ ರಕ್ತದ ಕಲೆ ಹತ್ತಿರ ಒಬ್ಬರು ಅಲುಗಾಡದೆ ನಿಲ್ಲೋದು, ಉಳಿದವರು ಮುಂದೆ ಹುಡುಕೋದು, ಸಿಕ್ಕ ಕಡೆ ಟಾಯ್ಲೆಟ್ ಪೇಪರಿನ ಚೂರು ಕೊಂಬೆಗೆ ಸಿಕ್ಕಿಸೋದು, ಆಗ ನಿಂತವರು ಅಲ್ಲಿಗೆ ಬರೋದು. ಮೇಪಲ್ ಎಲೆ ಉದುರುವ ಕಾಲ. ನೆಲದ ತುಂಬ ಕೆಂಪೆಲೆ, ಅದರ ಮೇಲೆ ತಾನೇತಾನಾಗಿ ಕೆಂಪು ಚುಕ್ಕೆ. ಯಾವುದು ರಕ್ತ, ಯಾವುದು ಎಲೆ? ಪ್ಲಂಬರ್ ಹೈಡ್ರೋಜನ್ ಪೆರಾಕ್ಸೈಡ್ ತುಂಬಿದ ಸ್ಪ್ರೇ ಬಾಟಲಿ ತಂದಿದ್ದ. ಚುಕ್ಕೆ ಮೇಲೆ ಹೊಡೆದರೆ ರಕ್ತವಾದರೆ ಬಿಳಿ ನೊರೆ ಬರುತ್ತೆ. ನಾವು ಆರು ಜನ ಮಂಡಿಯೂರಿ, ಒಂದೊಂದು ಎಲೆಗೆ ಬಾಟಲಿ ಹೊಡೆದು, ಮುಖ ಹತ್ತಿರ ತಂದು ನೊರೆ ಬಂತಾ ಅಂತ ನೋಡ್ತಾ ಮುಂದೆ ಹೋದೆವು. ಒಂದು ಕಡೆ ಏನೂ ಸಿಗದೆ ಬಹಳ ಹೊತ್ತು ನಿಂತುಹೋದೆವು. ಎಲೆ ತಿರುವಿ ಹಾಕಿ ನೋಡು ಅಂದಳು ನರ್ಸ್, ಓಡುವ ಕಾಲು ಎಲೆ ಮಗುಚುತ್ತೆ ಅಂತ. ತಿರುವಿದ ಎಲೆಯ ಅಡಿಯಲ್ಲಿ ಇತ್ತು, ಸಾಸಿವೆಯಷ್ಟು. ನನಗೇ ಸಿಕ್ಕಿದ್ದು. ಆ ಕ್ಷಣದ ಖುಷಿ ಬಗ್ಗೆ ಅಕ್ಕನಿಗೆ ನಾನು ಹೇಳಿಲ್ಲ.

ಜವುಗಿನ ಅಂಚಿನಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಹಿರಿಯರು ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿದರು. ಆಮೇಲೆ ಅದರ ಪಕ್ಕ ಕೂತು, ಕುತ್ತಿಗೆ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದರು. ಲೈಸೆನ್ಸ್ ಜೊತೆ ಬರುವ ಟ್ಯಾಗ್ ಬರೆದು ಅದಕ್ಕೆ ಕಟ್ಟಿದರು. ಮುಂದಿನದ್ದನ್ನು ನಾನು ಪೂರ್ತಿ ನೋಡಲಿಲ್ಲ, ಟಾರ್ಚ್ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿ ನಿಂತಿದ್ದೆ, ಬೆಳಕು ಅಲುಗಾಡ್ತಿದೆ ಅಂತ ಬೈಸಿಕೊಂಡೆ ಕೂಡ.

ಇಲ್ಲಿ ಬೇಟೆ ಮಾಂಸ ಮಾರುವಂತಿಲ್ಲ, ಹಂಚಬಹುದು. ಹುಡುಕಿದವರಿಗೆಲ್ಲ ಪಾಲು. ನನ್ನ ಪಾಲನ್ನು ನಮ್ಮ ಕನ್ನಡ ಕೂಟದ ಕೊಡಗಿನ ಗೆಳೆಯನಿಗೆ ಕೊಟ್ಟೆ. ಅವನು ಹಂದಿ ಕರಿ ಮಾಡುವ ರೀತಿಯಲ್ಲೇ ಮಸಾಲೆ ಹುರಿದು, ಊರಿಂದ ತಂದ ಕಾಚಂಪುಳಿ ಹಾಕಿ ಮಾಡಿ, ಎಲ್ಲರನ್ನೂ ಊಟಕ್ಕೆ ಕರೆದ. ನಾನು ಕಡಂಬುಟ್ಟಿಗೆ ತುಪ್ಪ ಹಾಕಿಕೊಂಡು ತಿಂದೆ. ಹಿರಿಯರು ಆ ಕಪ್ಪು ಹುಳಿಯ ಬಾಟಲಿ ಮೂಸಿ ಮೂಸಿ ನೋಡಿ, ಇದು ಎಲ್ಲಿ ಸಿಗುತ್ತೆ ಅಂತ ಬರೆದುಕೊಂಡರು.

ಬೇಟೆ ಸುರಕ್ಷತೆಯ ಕೋರ್ಸ್ ನಾನೂ ಮುಗಿಸಿದ್ದೇನೆ, 1960ರಿಂದೀಚೆಗೆ ಹುಟ್ಟಿದವರು ಲೈಸೆನ್ಸ್‌ಗೆ ಮೊದಲು ಅದನ್ನು ಮಾಡಬೇಕು. ಲೈಸೆನ್ಸ್ ತಗೊಂಡಿಲ್ಲ. ತಗೋತೀನಾ ಅಂತ ಕೇಳಬೇಡಿ, ಗೊತ್ತಿಲ್ಲ. ಜೂನ್‌ನಲ್ಲಿ ಎಲ್ಲರೂ ಸೇರಿ ಬಿಲ್ಲಿನವರ ದೊಡ್ಡ ಕೂಟಕ್ಕೆ ಹೋಗ್ತಿದ್ದೇವೆ, ಟೆಂಟ್ ಹಾಕಿಕೊಂಡು ಎರಡು ರಾತ್ರಿ. ಈ ಕಡೆಯ ಕನ್ನಡದವರು ಯಾರಾದರೂ ಬರೋದಿದ್ದರೆ ಬನ್ನಿ, ಬಿಲ್ಲು ನಮ್ಮಲ್ಲಿದೆ. ಎಡಗೈಯವರು ಮಾತ್ರ ಮೊದಲೇ ತಿಳಿಸಿ, ಎಡಗೈ ಬಿಲ್ಲು ನಮ್ಮ ಗುಂಪಿನಲ್ಲಿ ಒಂದೇ ಇರೋದು, ಅದನ್ನು ಆ ನರ್ಸಿನ ಮಗ ಯಾರಿಗೂ ಕೊಡಲ್ಲ.