ಗೇಲ್ ಓಮ್ವೆಟ್: ನೀರಿನ ಲೆಕ್ಕ, ಮಾರುಕಟ್ಟೆಯ ಲೆಕ್ಕ

1999ರಲ್ಲಿ ಅರುಂಧತಿ ರಾಯ್ ನರ್ಮದಾ ಅಣೆಕಟ್ಟಿನ ವಿರುದ್ಧ ಬರೆದಾಗ ಎಡಪಂಥೀಯರಲ್ಲಿ ಅನೇಕರು ಅವರ ಬೆನ್ನಿಗೆ ನಿಂತರು. ಸಮಾಜಶಾಸ್ತ್ರಜ್ಞೆ, ಹೋರಾಟಗಾರ್ತಿ ಗೇಲ್ ಓಮ್ವೆಟ್ ಬಹಿರಂಗ ಪತ್ರ ಬರೆದು ತಕರಾರು ತೆಗೆದರು. ಬರದ ಸೀಮೆಯ ರೈತರಿಗೂ ನೀರು ಬೇಕಲ್ಲ, ಕಟ್ಟಿದ ಅಣೆಕಟ್ಟುಗಳೆಲ್ಲ ಬರೀ ಕೇಡು ಎನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ಇವರು ಬಲಕ್ಕೆ ವಾಲಿದರು ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಆ ಪತ್ರದ ಹಿಂದೆ ಯೇರಳಾ ನದಿ ಇದೆ.

ಯೇರಳಾ ಕೃಷ್ಣೆಯ ಉಪನದಿ. ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ (ನಮ್ಮ ಬೆಳಗಾವಿಯ ಖಾನಾಪುರವಲ್ಲ, ಇದು ಒಣ ಸೀಮೆ) ಹರಿಯುತ್ತದೆ. 1982ರ ಮುಂಬೈ ಜವಳಿ ಗಿರಣಿ ಮುಷ್ಕರದ ಹೊತ್ತಿಗೆ ಕಾರ್ಮಿಕರು ಊರಿಗೆ ಮರಳಿದರು. ಊರಲ್ಲಿ ಬರ. ಆಗ ಹುಟ್ಟಿದ ‘ಮುಕ್ತಿ ಸಂಘರ್ಷ’ ಚಳವಳಿ ಮೊದಲು ಬರಗಾಲದ ಕೆಲಸ ಕೇಳಿತು, ಆಮೇಲೆ ಬರಕ್ಕೇ ಕಾರಣ ಹುಡುಕಿತು. ಮಳೆ ಕಡಿಮೆ ಎನ್ನುವುದು ಅರ್ಧ ಉತ್ತರ ಅಷ್ಟೇ. ಗುತ್ತಿಗೆದಾರರು ನದಿಯ ಮರಳು ಬಗೆದು ಸಾಗಿಸುತ್ತಿದ್ದರು. ನೀರು ಹಿಡಿದಿಡುವ ಮರಳೇ ಹೋದ ಮೇಲೆ ದಡದ ಬಾವಿಗಳಲ್ಲಿ ಏನುಳಿಯುತ್ತದೆ?

ಬಲವಡಿ ಮತ್ತು ತಾಂದುಳವಾಡಿಯ ಜನ ಗುತ್ತಿಗೆದಾರರ ವಿರುದ್ಧ ನಿಂತರು. ತಾವೇ ಮಿತಿಯಲ್ಲಿ ಮರಳು ಮಾರಿ, ಆ ಹಣಕ್ಕೆ ದೇಣಿಗೆ, ಶ್ರಮದಾನ ಸೇರಿಸಿ ‘ಬಳಿರಾಜಾ’ ಅಣೆಕಟ್ಟು ಕಟ್ಟಿದರು. ಬಳಿರಾಜಾ ಎಂದರೆ ಬಲಿ ಚಕ್ರವರ್ತಿ. ಅವನನ್ನು ರೈತರ ರಾಜನೆಂದು ಎತ್ತಿಹಿಡಿದವರು ಜೋತಿಬಾ ಫುಲೆ. ದೀಪಾವಳಿಗೆ ಬಲೀಂದ್ರನನ್ನು ಕೂಗುವ ನಮಗೂ ಅವನು ಹೊಸಬನಲ್ಲ.

ಕಟ್ಟೆಗಿಂತ ದೊಡ್ಡದು ಹಂಚಿಕೆಯ ಲೆಕ್ಕ. ಮಾಮೂಲಿ ಕಾಲುವೆಯಲ್ಲಿ ನೀರು ಜಮೀನಿನ ಬೆನ್ನು ಹಿಡಿದು ಹೋಗುತ್ತದೆ: ಹತ್ತೆಕರೆಯವನಿಗೆ ಹತ್ತು ಪಾಲು, ಎರಡೆಕರೆಯವನಿಗೆ ಎರಡು, ಭೂಮಿ ಇಲ್ಲದವನಿಗೆ ಸೊನ್ನೆ. ಮೇಲಿನವರು ಕಬ್ಬು ಹಾಕಿದರೆ ಕೊನೆಭಾಗಕ್ಕೆ ನೀರು ಮುಟ್ಟುವುದೇ ಇಲ್ಲ. ಇಲ್ಲಿ ಲೆಕ್ಕ ಎಕರೆಗಲ್ಲ, ಮನೆಗೆ. ಭೂಮಿ ಇಲ್ಲದ ಕುಟುಂಬಕ್ಕೂ ಸಮಪಾಲು. ಇನ್ನೊಬ್ಬರ ಹೊಲವನ್ನು ಕೋರಿಗೆ ಮಾಡಿ ತಮ್ಮ ಪಾಲಿನ ನೀರು ಹಾಯಿಸಬಹುದು. ಕಬ್ಬಿಗೆ ನೀರಿಲ್ಲ.

ತೊಡಕೂ ಇದೆ. ಸಣ್ಣ ಕಟ್ಟೆ ತುಂಬಲು ನದಿಯಲ್ಲಿ ನೀರು ಬರಬೇಕು, ಸತತ ಬರದಲ್ಲಿ ಅದೂ ಇಲ್ಲ. ಹಾಗಾಗಿ ಚಳವಳಿ ದೊಡ್ಡ ಯೋಜನೆಗಳಿಂದ ಕೃಷ್ಣೆಯ ನೀರನ್ನೂ ಕೇಳಬೇಕಾಯಿತು. ಇತ್ತ ಮುಳುಗಡೆ ಸಂತ್ರಸ್ತರ ಘೋಷಣೆ ‘ಮೊದಲು ಪುನರ್ವಸತಿ, ಆಮೇಲೆ ಅಣೆಕಟ್ಟು’ ಎಂದಿತ್ತು. ಅಣೆಕಟ್ಟೇ ಬೇಡ ಎಂದಲ್ಲ. ಇವೆಲ್ಲದರ ಮುಂಚೂಣಿಯಲ್ಲಿದ್ದವರು ಓಮ್ವೆಟ್ ಅವರ ಪತಿ ಭಾರತ ಪಾಟಣಕರ್ ಮತ್ತು ಅವರ ಸಂಘಟನೆ ಶ್ರಮಿಕ ಮುಕ್ತಿ ದಳ. ಈ ಅನುಭವವನ್ನು ವಾದವಾಗಿ ಕಟ್ಟಿ ಹೊರಗಿನ ಓದುಗರಿಗೆ ಮುಟ್ಟಿಸಿದವರು ಓಮ್ವೆಟ್.

ಅವರು ಹುಟ್ಟಿದ್ದು 1941ರಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಪಶ್ಚಿಮ ಭಾರತದ ಬ್ರಾಹ್ಮಣೇತರ ಚಳವಳಿಯ ಮೇಲೆ ಬರ್ಕ್ಲಿಯಲ್ಲಿ 1973ರಲ್ಲಿ ಪಿಎಚ್‌ಡಿ. 1983ರಲ್ಲಿ ಭಾರತದ ಪೌರತ್ವ ಪಡೆದರು. ಸಾಂಗ್ಲಿಯ ಕಾಸೇಗಾಂವ್‌ನಲ್ಲೇ ನೆಲೆಸಿ 2021ರ ಆಗಸ್ಟ್ 25ರಂದು ತೀರಿಕೊಂಡರು. ಫುಲೆ ಕಟ್ಟಿದ ಸತ್ಯಶೋಧಕ ಸಮಾಜವನ್ನು ಬ್ರಿಟಿಷರ ನೆರಳಿನಲ್ಲಿ ನೌಕರಿ ಕೇಳಿದವರ ಗುಂಪೆಂದು ತಳ್ಳಿಹಾಕದೆ, ಶೂದ್ರ-ಅತಿಶೂದ್ರರ ಸಾಂಸ್ಕೃತಿಕ ಬಂಡಾಯವೆಂದು ಓದಿದ್ದೇ ಅವರ ದೊಡ್ಡ ಕೊಡುಗೆ. ನನ್ನ ಲೆಕ್ಕದಲ್ಲಿ ಇದರ ಮುಂದೆ ಉಳಿದ ಜಗಳಗಳೆಲ್ಲ ಚಿಕ್ಕವು.

ಹಾಗಂತ ಆ ಜಗಳಗಳು ಪೊಳ್ಳಲ್ಲ. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿಯವರ ಶೇತ್ಕರಿ ಸಂಘಟನೆಯನ್ನು ಅವರು ಬೆಂಬಲಿಸಿದರು. ಅದರ ಮುಖ್ಯ ಬೇಡಿಕೆ ಬೆಳೆಗೆ ತಕ್ಕ ಬೆಲೆ. ಬೆಲೆ ಏರಿದರೆ ಹೆಚ್ಚು ಮಾರುವವನಿಗೆ ಹೆಚ್ಚು ಲಾಭ, ಜೋಳ ಕೊಂಡು ತಿನ್ನುವ ಕೂಲಿಯವಳಿಗೆ ಹೊರೆ ಎಂದು ಎಡಪಕ್ಷಗಳು ಆಕ್ಷೇಪಿಸಿದವು. ಸಣ್ಣ ರೈತನೂ ಮಾರುತ್ತಾನೆ, ಅಗ್ಗದ ಬೆಲೆಯಲ್ಲಿ ಹಳ್ಳಿಯನ್ನು ಹಿಂಡುವುದೂ ಶೋಷಣೆಯೇ ಎಂಬುದು ಇವರ ಕಡೆಯ ಉತ್ತರ. ಹೆಂಡತಿಯ ಹೆಸರಿಗೆ ಜಮೀನು ಬರೆಸುವ ಸಂಘಟನೆಯ ‘ಲಕ್ಷ್ಮೀ ಮುಕ್ತಿ’ ಅಭಿಯಾನವೂ ಅವರಿಗೆ ಮುಖ್ಯವೆನಿಸಿತ್ತು. ರೈತ ಜಾತಿಗಳು ಮತ್ತು ದಲಿತರು ಒಂದಾಗುವ ‘ಬಹುಜನ’ ಐಕ್ಯದ ಬಗ್ಗೆ ಇನ್ನೂ ಕಠಿಣ ಪ್ರಶ್ನೆಯಿದೆ. 1978ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡುವ ನಿರ್ಧಾರವಾದಾಗ ದಲಿತರ ಕೇರಿಗಳಿಗೆ ಬೆಂಕಿಯಿಟ್ಟವರಲ್ಲಿ ಅದೇ ಹಳ್ಳಿಗಳ ರೈತ ಜಾತಿಯವರೂ ಇದ್ದರು.

ಕರ್ನಾಟಕದವರಿಗೆ ತಟ್ಟುವುದು ಡಂಕೆಲ್ ಪ್ರಸ್ತಾವದ (ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಕರಡು) ಜಗಳ. 1992ರ ಡಿಸೆಂಬರ್‌ನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳಿಗೆ ಬೆಂಕಿ ಹಚ್ಚಿದರು, 1998ರಲ್ಲಿ ಬಿಟಿ (ಕುಲಾಂತರಿ) ಹತ್ತಿಯ ಪ್ರಯೋಗದ ಹೊಲಗಳನ್ನು ಸುಟ್ಟರು. ಜೋಶಿ ಡಂಕೆಲ್‌ ಅನ್ನು ಸ್ವಾಗತಿಸಿದ್ದರು. ಓಮ್ವೆಟ್ ಒಲವು ನಂಜುಂಡಸ್ವಾಮಿಯವರ ಕಡೆಗಲ್ಲ, ಮುಕ್ತ ಮಾರುಕಟ್ಟೆ ಮತ್ತು ಹೊಸ ಬೀಜದ ಕಡೆಗಿತ್ತು. ನೀರಿನ ವಿಷಯದಲ್ಲಿ ಯಾರಿಗೆ ಎಷ್ಟು ಪಾಲು ಎಂದು ಮೊದಲೇ ಕೇಳುವವರು ಇಲ್ಲಿ ಸಡಿಲವಾದರು. ಬೀಜದ ಸಾಲ ಯಾರ ಹೆಸರಲ್ಲಿ, ಬೆಳೆ ಕೈಕೊಟ್ಟರೆ ನಷ್ಟ ಯಾರ ತಲೆಗೆ ಎಂಬುದನ್ನು ಅವರು ಯೇರಳೆಯ ನೀರಿನಷ್ಟು ಬಿಗಿಯಾಗಿ ಲೆಕ್ಕ ಹಾಕಲಿಲ್ಲ.